ಝೂಮರಿನ ಕೆಳಗೆ ಕೂತ ಅತಿಥಿ

ಉರ್ದುವಿನಲ್ಲಿ ‘ಝೂಮರ್’ ಅನ್ನುವ ಮಾತು ಎರಡು ವಸ್ತುಗಳಿಗೆ ಸಲ್ಲುತ್ತದೆ. ಒಂದು, ಛಾವಣಿಯಿಂದ ಇಳಿಬಿಟ್ಟ ಹರಳಿನ ತೂಗುದೀಪ. ಇನ್ನೊಂದು, ಮದುಮಗಳ ಬೈತಲೆಯ ಒಂದು ಬದಿಗೆ ಬೀಸಣಿಗೆಯ ಹಾಗೆ ಹರಡಿಕೊಂಡು ಕೂರುವ ಒಡವೆ. ಮನೆಯ ಛಾವಣಿಗೂ ಹೆಣ್ಣಿನ ತಲೆಗೂ ಒಂದೇ ಹೆಸರು. ನಮ್ಮ ಕಲಬುರಗಿ, ಬೀದರ್ ಕಡೆಯ ಮನೆಗಳಲ್ಲಿ ಎರಡನೆಯದನ್ನು ನೋಡಿದವರೇ ಹೆಚ್ಚು. ಮೊದಲನೆಯದನ್ನು ನೋಡಬೇಕೆಂದರೆ ಹೈದರಾಬಾದಿನ ತನಕ ಬರಬೇಕಿತ್ತು. ಈಗ ಆ ಮಾತಿಲ್ಲ. ಶಾದಿಖಾನೆಯಿಂದ ಹಿಡಿದು ಎರಡು ಕೋಣೆಯ ಫ್ಲ್ಯಾಟಿನ ತನಕ, ಪರ್ಸಿನಿಂದ ಹಿಡಿದು ಮೊಬೈಲ್ ಕವರಿನ ತನಕ, ಬುರ್ಖಾದ ತೋಳಿನ ಅಂಚಿಗೂ ಸಹ, ಎಲ್ಲ ಕಡೆ ಕ್ರಿಸ್ಟಲ್ ಬಂದು ಕೂತಿದೆ. ಇದು ಚೆಂದವಾ, ಬರೀ ಹೊಳಪಾ ಅಂತ ಕೇಳುವವರು ಮಾತ್ರ ಕಡಿಮೆ. ಕಥೆ ಕವಿತೆಗೆ ವಿಮರ್ಶೆ ಬರೀತೀವಿ. ನಾವು ದಿನಾ ಕೂರುವ ಕೋಣೆಗೆ, ಉಡುವ ಬಟ್ಟೆಗೆ ಯಾಕೆ ಬರೆಯಬಾರದು?

ಮೊದಲು ಮಾತನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಕನ್ನಡದ ‘ಹರಳು’ ಬಹಳ ಸಾದಾ ಪದ. ಉಪ್ಪಿನ ಹರಳು, ಸಕ್ಕರೆ ಹರಳು, ಉಂಗುರದ ಹರಳು, ಎಲ್ಲಕ್ಕೂ ಅದೇ. ಉರ್ದುವಿನ ‘ಬಿಲ್ಲೌರ್’ ಹಾಗಲ್ಲ, ಅಂದ ಕೂಡಲೇ ದರ್ಬಾರಿನ ಗಾಳಿ ಬೀಸುತ್ತದೆ. ವಿಜ್ಞಾನದ ಪಾಠ ಓದಿದ ಮಕ್ಕಳಿಗೆ ಗೊತ್ತಿರುತ್ತದೆ: ಹರಳು ಅಂದರೆ ಕಣಗಳು ಕ್ರಮವಾಗಿ ಸಾಲುಗಟ್ಟಿ ನಿಂತ ವಸ್ತು. ಗಾಜಿನಲ್ಲಿ ಅಂಥ ಸಾಲೇ ಇಲ್ಲ. ಹಾಗಾಗಿ ಅಂಗಡಿಯವರು ಹೇಳುವ ‘ಕ್ರಿಸ್ಟಲ್ ಗ್ಲಾಸ್’ ವಿಜ್ಞಾನದ ಲೆಕ್ಕದಲ್ಲಿ ತನ್ನನ್ನೇ ಅಲ್ಲಗಳೆಯುವ ಮಾತು. ನೆಲದಿಂದ ಬರುವ ಅಸಲಿ ಸ್ಫಟಿಕ ಕ್ವಾರ್ಟ್ಜ್ ಕಲ್ಲು. ಅದು ಗಾಜಿಗಿಂತ ಗಟ್ಟಿ, ಗಾಜಿನ ಮೇಲೆ ಗೀರಿದರೆ ಗೆರೆ ಬೀಳುತ್ತದೆ. ನಾವು ಕ್ರಿಸ್ಟಲ್ ಅಂತ ಕೊಳ್ಳುವುದು ಬಹುಪಾಲು ಗಾಜು. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಸ್ಫಟಿಕದಂಥ ತಿಳಿ ಗಾಜಿಗೆ ಪೇಟೆಂಟ್ ಪಡೆದ. ಆಮೇಲೆ ಅದಕ್ಕೆ ಸೀಸದ ಆಕ್ಸೈಡ್ ಬೆರೆಸುವುದು ರೂಢಿಗೆ ಬಂತು. ಸೀಸ ಸೇರಿದ ಗಾಜು ತೂಕ ಬರುತ್ತದೆ, ಕೊರೆಯಲು ಮೆತ್ತಗಿರುತ್ತದೆ, ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಬೆರಳಲ್ಲಿ ತಟ್ಟಿದರೆ ಗಂಟೆಯ ಹಾಗೆ ನಾದ ಕೊಡುತ್ತದೆ. ಯುರೋಪಿನಲ್ಲಿ 1969ರ ನಿಯಮದ ಪ್ರಕಾರ ‘ಲೆಡ್ ಕ್ರಿಸ್ಟಲ್’ ಅನ್ನಿಸಿಕೊಳ್ಳಲು ಶೇಕಡಾ 24ರಷ್ಟಾದರೂ ಸೀಸದ ಆಕ್ಸೈಡ್ ಇರಬೇಕು, ‘ಫುಲ್ ಲೆಡ್’ ಅನ್ನಬೇಕೆಂದರೆ 30. (ಮನೆಯಲ್ಲಿ ಹಳೆಯ ಲೆಡ್ ಕ್ರಿಸ್ಟಲ್ ಜಗ್ ಇದ್ದರೆ ನಿಂಬೆ ಶರಬತ್ತನ್ನು ಅದರಲ್ಲಿ ತುಂಬಿ ಇಡಬೇಡಿ. ಹುಳಿಗೆ ಸೀಸ ಬಿಟ್ಟುಕೊಳ್ಳುತ್ತದೆ.)

ಗಾಜು ಅಂದದ್ದು ಅದನ್ನು ನಕಲಿ ಅಂತ ಬೈಯಲಿಕ್ಕಲ್ಲ. ಗಾಜು ಗಾಜಾಗಿಯೇ ಚೆಂದ ಇರಬಹುದು. ನನ್ನ ಅಳತೆಗೋಲು ಬೇರೆ. ಅದು ನನಗೆ ಸಿಕ್ಕಿದ್ದು ಎರಡು ಹಳೆಯ ಕಥೆಗಳಿಂದ. ಎರಡು ಭಾಷೆ ಓದಿಕೊಂಡವರಿಗೆ ಇಂಥ ಲಾಭ ಆಗಾಗ ಆಗುತ್ತದೆ.

ಮಹಾಭಾರತದ ಮಯಸಭೆ ನಿಮಗೆ ಗೊತ್ತು. ಮಯ ಕಟ್ಟಿದ ಸಭೆಗೆ ದುರ್ಯೋಧನ ಬರುತ್ತಾನೆ. ಸ್ಫಟಿಕದ ನೆಲವನ್ನು ನೀರು ಅಂದುಕೊಂಡು ಬಟ್ಟೆ ಎತ್ತಿ ಹಿಡಿಯುತ್ತಾನೆ. ಮುಂದೆ ನಿಜವಾದ ಕೊಳವನ್ನು ನೆಲ ಅಂದುಕೊಂಡು ಬೀಳುತ್ತಾನೆ. ಸುತ್ತಲಿದ್ದವರು ನಗುತ್ತಾರೆ. ಆ ನಗು ಎಲ್ಲಿಗೆ ಹೋಗಿ ಮುಟ್ಟಿತು ಅನ್ನುವುದು ಕನ್ನಡ ನಾಡಿನ ಪ್ರತಿ ಬಯಲಾಟಕ್ಕೂ ಗೊತ್ತು. ಇನ್ನೊಂದು ಕಥೆ ಕುರ್‌ಆನಿನ ಸೂರಃ ನಮ್ಲ್‌ನಲ್ಲಿ ಬರುತ್ತದೆ. ಸಬಾದ ರಾಣಿ (ನಮ್ಮ ಮನೆಗಳಲ್ಲಿ ಬಿಲ್ಕೀಸ್ ಅನ್ನುತ್ತೇವೆ) ಹಜ್ರತ್ ಸುಲೈಮಾನರ ಅರಮನೆಗೆ ಬರುತ್ತಾಳೆ. ಗಾಜಿನ ನೆಲ ನೋಡಿ ನೀರು ಅಂದುಕೊಳ್ಳುತ್ತಾಳೆ, ಅವಳೂ ಬಟ್ಟೆ ಎತ್ತುತ್ತಾಳೆ. ಆದರೆ ಅಲ್ಲಿ ಯಾರೂ ನಗುವುದಿಲ್ಲ. ಇದು ಗಾಜು ಅಂತ ತಿಳಿಸಿ ಹೇಳುತ್ತಾರೆ. ಅವಳಿಗೆ ತನ್ನ ಕಣ್ಣಿನ ಮಿತಿ ತಿಳಿಯುತ್ತದೆ, ಆ ತಿಳಿವಿನಿಂದಲೇ ಅವಳ ಮನಸ್ಸು ತಿರುಗುತ್ತದೆ.

ಒಂದೇ ನೆಲ, ಒಂದೇ ತಪ್ಪು ನೋಟ, ಎತ್ತಿದ ಸೆರಗೂ ಒಂದೇ. ಒಂದು ಕಡೆ ಅತಿಥಿ ಅವಮಾನ ಹೊತ್ತು ಮನೆಗೆ ಹೋದ. ಇನ್ನೊಂದು ಕಡೆ ಅತಿಥಿಯ ಕಣ್ಣು ತೆರೆಯಿತು. ಹರಳು ಹಾಕಿದ ಯಾವ ಕೋಣೆಗೇ ಹೋಗಲಿ, ನಾನು ಕೇಳಿಕೊಳ್ಳುವುದು ಇದನ್ನೇ: ಇದು ಬಂದವರನ್ನು ಚಿಕ್ಕವರನ್ನಾಗಿ ಮಾಡುತ್ತಾ, ಅಥವಾ ಅವರಿಗೆ ಏನಾದರೂ ತೋರಿಸುತ್ತಾ?

ಚೌಮಹಲ್ಲಾ ಅರಮನೆಯಿಂದ ಶುರು ಮಾಡೋಣ. ಚಾರ್ಮಿನಾರಿನಿಂದ ನಡೆದುಕೊಂಡೇ ಹೋಗಬಹುದು, ಟಿಕೆಟ್ ತೆಗೆದುಕೊಂಡರೆ ಯಾರಿಗೂ ಪ್ರವೇಶ ಇದೆ. ಅದರ ಖಿಲ್ವತ್ ಮುಬಾರಕ್ ಅನ್ನುವ ದರ್ಬಾರ್ ಹಾಲಿನಲ್ಲಿ ಬೆಲ್ಜಿಯಂ ಕ್ರಿಸ್ಟಲ್‌ನ 19 ಝೂಮರುಗಳು ತೂಗುತ್ತವೆ. ಕೆಳಗೆ ಅಮೃತಶಿಲೆಯ ಕಟ್ಟೆ, ಆಸಫ್‌ಜಾಹಿ ಗಾದಿಯ ಜಾಗ. ಅತಿಥಿಯನ್ನು ತಲೆ ತಗ್ಗಿಸುವ ಹಾಗೆ ಮಾಡಲೆಂದೇ ಕಟ್ಟಿದ ಕೋಣೆ ಅದು, ಇದರಲ್ಲಿ ಅನುಮಾನವೇ ಬೇಡ. ಕಲಬುರಗಿ, ಬೀದರ್, ರಾಯಚೂರು 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಖಜಾನೆಗೆ ಕಂದಾಯ ಕಟ್ಟಿದವರಲ್ಲಿ ನಮ್ಮ ಮುತ್ತಜ್ಜಂದಿರೂ ಇದ್ದರು. ಇಷ್ಟು ಗೊತ್ತಿದ್ದೂ ನಾನು ಹೇಳುತ್ತೇನೆ, ಆ ಹಾಲು ಚೆಂದ ಇದೆ. ಯಾಕೆ ಅಂದರೆ ಗೋಡೆ ಸುಮ್ಮನಿದೆ. ಸುಣ್ಣಗಾರೆಯ ಕೆತ್ತನೆ ಎಷ್ಟೇ ನವಿರಾಗಿದ್ದರೂ ಅದರ ಬಣ್ಣ ಒಂದೇ. ಹಗಲಲ್ಲಿ, ದೀಪ ಹಚ್ಚದೆ ಇರುವಾಗ ನೋಡಿ. ಬದಿಯಿಂದ ಬಂದ ಬಿಸಿಲು ಒಂದೆರಡು ಹರಳನ್ನಷ್ಟೇ ಮುಟ್ಟುತ್ತದೆ, ಉಳಿದವು ನೀರಿನ ಹಾಗೆ ತಣ್ಣಗೆ ತೂಗುತ್ತಿರುತ್ತವೆ. ನೀವು ಎರಡು ಹೆಜ್ಜೆ ಸರಿದರೆ ಬೇರೆ ಒಂದೆರಡು ಬೆಳಗುತ್ತವೆ. ಆ ಕೋಣೆ ನಿಮ್ಮ ನಡಿಗೆಗೆ ಉತ್ತರ ಕೊಡುತ್ತದೆ. ದರ್ಬಾರು ಹೋದ ಮೇಲೆ ಉಳಿದ ಗುಣ ಅದು.

ಇದೇ ಕಾಲದ ಎಲ್ಲ ಅರಮನೆಗಳ ಹರಳಿಗೂ ಈ ಮಾತು ಹೇಳಲಾರೆ. ಬರ್ಮಿಂಗ್‌ಹ್ಯಾಮಿನ ಓಸ್ಲರ್ ಕಂಪನಿ ಶುರುವಾದದ್ದು 1807ರಲ್ಲಿ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅವರು 27 ಅಡಿ ಎತ್ತರದ ಗಾಜಿನ ಕಾರಂಜಿ ನಿಲ್ಲಿಸಿದ್ದರು. ಅಷ್ಟರಲ್ಲಾಗಲೇ ಕಲ್ಕತ್ತೆಯಲ್ಲಿ ಅವರ ಮಳಿಗೆ ಇತ್ತು. ನಮ್ಮ ರಾಜ ಮಹಾರಾಜರಿಗೆ ಏನು ಬೇಕು ಅನ್ನುವುದು ಅವರಿಗೆ ಚೆನ್ನಾಗಿ ತಿಳಿದಿತ್ತು. ಬರೀ ದೀಪ ಸಾಲದು ಅಂತ ಗಾಜಿನ ಕುರ್ಚಿ, ಮೇಜು, ಸೋಫಾ, ಮಂಚ ಮಾಡಿ ಕಳಿಸಿದರು. ಉದಯಪುರದ ಮಹಾರಾಣಾ ಸಜ್ಜನ್ ಸಿಂಗ್ 1877ರಲ್ಲಿ ಇಂಥದ್ದೊಂದು ದೊಡ್ಡ ಆರ್ಡರ್ ಕೊಟ್ಟರು. ಸಾಮಾನು ಬಂದು ಮುಟ್ಟುವ ಮೊದಲೇ, 1884ರಲ್ಲಿ, ತೀರಿಕೊಂಡರು. ನೂರು ವರ್ಷಕ್ಕೂ ಹೆಚ್ಚು ಕಾಲ ಅವು ಪೆಟ್ಟಿಗೆಯಲ್ಲೇ ಇದ್ದವು. ಈಗ ಫತೇಪ್ರಕಾಶ್ ಅರಮನೆಯ ಗ್ಯಾಲರಿಯಲ್ಲಿವೆ. ಯಾರೂ ಮಲಗದ ಗಾಜಿನ ಮಂಚವನ್ನು ನೋಡಲು ಜನ ದುಡ್ಡು ಕೊಟ್ಟು ಹೋಗುತ್ತಾರೆ. ಇದನ್ನು ದುರಂತ ಅಂತ ಹೇಳುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮಂಚಕ್ಕೆ ಪೆಟ್ಟಿಗೆಯಲ್ಲಿರುವುದಕ್ಕೂ ಕೋಣೆಯಲ್ಲಿರುವುದಕ್ಕೂ ಅಂಥಾ ವ್ಯತ್ಯಾಸ ಇರಲಿಲ್ಲ. ಮಲಗಲು ಬಾರದ ಮಂಚ, ಒರಗಲು ಬಾರದ ಕುರ್ಚಿ, ಇವು ವಸ್ತುಗಳಲ್ಲ, ಹಣದ ಎತ್ತರ ತೋರಿಸುವ ಅಳತೆಪಟ್ಟಿಗಳು. ಗಾಜಿಗೆ ಗೊತ್ತಿರುವ ಒಂದೇ ಕೆಲಸ ಬೆಳಕಿನದು. ಆ ಕೆಲಸ ಬಿಡಿಸಿ ಭಾರ ಹೊರಲು ಹಚ್ಚಿದರೆ ಒಳಗೆ ಲೋಹದ ಚೌಕಟ್ಟು ಅಡಗಿಸಿ ಇಡಬೇಕಾಗುತ್ತದೆ, ಓಸ್ಲರ್‌ನವರೂ ಅದನ್ನೇ ಮಾಡಿದರು.

ಈಗಿನ ಶಾದಿಖಾನೆಗಳು ಚೌಮಹಲ್ಲಾದಿಂದ ಕಲಿತವಲ್ಲ, ಈ ಗಾಜಿನ ಮಂಚದಿಂದ ಕಲಿತವು. ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳ ನಿಕಾಹ್‌ಗೆ ಹೋಗಿದ್ದೆ. ವೇದಿಕೆಯ ಮೇಲೆ ಮೂರು ಝೂಮರ್, ಹಿಂದೆ ಹರಳಿನ ಪರದೆ, ಕಂಬಗಳಿಗೆ ಸುತ್ತಿದ ಹರಳಿನ ಮಾಲೆ, ಊಟದ ಮೇಜಿನ ಮೇಲೂ ಹರಳಿನ ಗಿಡ. ಎಲ್ಲಾ ಬಾಡಿಗೆಯದು. ಚಿತ್ತಾಪುರದಿಂದ ಬಂದಿದ್ದ ಅವಳ ಖಾಲಾ ಹಿಂದಿನ ಸಾಲಿನಲ್ಲಿ, ನನ್ನ ಪಕ್ಕ ಕೂತಿದ್ದರು. ಸೆರಗು ಸರಿ ಮಾಡಿಕೊಳ್ಳುತ್ತಾ, ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಳ್ಳುತ್ತಾ ಇದ್ದರು. ಒಮ್ಮೆ ಮೇಲೆ ನೋಡಿ ಕೇಳಿದರು: “ಇಷ್ಟೆಲ್ಲಾ ಒರೆಸೋರು ಯಾರು ಬೇಟಾ?”

ಆ ಪ್ರಶ್ನೆಗೆ ಆ ಹಾಲಿನ ವಿನ್ಯಾಸದಲ್ಲಿ ಜಾಗವೇ ಇರಲಿಲ್ಲ. ಝೂಮರಿನ ಒಂದೊಂದು ಹರಳನ್ನೂ ಬಿಚ್ಚಿ, ತೊಳೆದು, ಒಣಗಿಸಿ, ಮತ್ತೆ ಅದೇ ಕೊಂಡಿಗೆ ಸಿಕ್ಕಿಸಬೇಕು. ಧೂಳು ಕೂತರೆ ಅತಿ ದುಬಾರಿ ಕ್ರಿಸ್ಟಲ್ ಕೂಡ ಮಂಕು. ಅಂದರೆ ಅದರ ಹೊಳಪು ಖರೀದಿಯ ದಿನ ಮುಗಿಯುವ ಲೆಕ್ಕವಲ್ಲ, ಯಾರದೋ ಕೈ ಪ್ರತಿ ಸಲ ಮಾಡಿಕೊಡಬೇಕಾದ ಕೆಲಸ. ಮನೆಗೆ ತರುವ ಮುಂಚೆ ಅದು ಯಾರ ಕೈ ಅಂತ ಒಮ್ಮೆ ಯೋಚಿಸಿ. ಬಹಳ ಮನೆಗಳಲ್ಲಿ ಅದು ಝೂಮರ್ ಬೇಕು ಅಂದವರ ಕೈ ಆಗಿರುವುದಿಲ್ಲ.

ಇನ್ನೂ ಒಂದು ತಪ್ಪು, ಇದು ಶುದ್ಧ ವಿನ್ಯಾಸದ್ದು. ಹರಳು ಮಿನುಗಬೇಕೆಂದರೆ ಬೆಳಕಿನ ಮೂಲ ಚಿಕ್ಕದಿರಬೇಕು, ಸುತ್ತ ಸ್ವಲ್ಪ ಕತ್ತಲು ಇರಬೇಕು, ಎಲ್ಲಾದರೂ ಒಂದಿಷ್ಟು ಅಲುಗಾಟ ಇರಬೇಕು. ಹಳೆಯ ಝೂಮರುಗಳು ಮೇಣದಬತ್ತಿಗೆ ಮಾಡಿದವು. ಜ್ವಾಲೆ ನಡುಗಿದಾಗ ಹರಳಿನ ಅಂಚಿನಲ್ಲಿ ಬಣ್ಣ ಒಡೆಯುತ್ತಿತ್ತು. ಈಗ ಛಾವಣಿಯ ತುಂಬ ಹಾಲಿನ ಬಣ್ಣದ ಎಲ್‌ಇಡಿ ಪ್ಯಾನೆಲ್ ಹಾಕಿ ನಡುವೆ ಝೂಮರ್ ತೂಗಿಬಿಡುತ್ತಾರೆ. ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೆಳಕು ಬಿದ್ದರೆ ಹರಳಿಗೆ ಮಾಡಲು ಕೆಲಸವೇ ಇರುವುದಿಲ್ಲ, ತೊಯ್ದ ಪ್ಲಾಸ್ಟಿಕ್ ಥರ ಕಾಣುತ್ತದೆ. ಈ ಪಾಠ ನಮ್ಮ ಬೀದರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಬಿದ್ರಿ ಕೆಲಸ ನೋಡಿ. ಸತು ತಾಮ್ರದ ಮಿಶ್ರಲೋಹದ ಪಾತ್ರೆಯಲ್ಲಿ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದನ್ನು ಕಪ್ಪು ಮಾಡುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಉಳಿಯುತ್ತದೆ. ಪಾತ್ರೆ ತುಂಬ ಬೆಳ್ಳಿಯೇ ಇದ್ದಿದ್ದರೆ ಅದು ಬರೀ ಬೆಳ್ಳಿ ಪಾತ್ರೆ. ಆ ಕಪ್ಪೇ ಅದನ್ನು ಬಿದ್ರಿ ಮಾಡಿದ್ದು. ಮನೆಯಲ್ಲಿ ಹರಳು ಇಡಲೇಬೇಕು ಅನ್ನುವವರು ಒಂದೇ ಒಂದು ಇಡಿ, ಕಿಟಕಿಯ ಹತ್ತಿರ, ಗಾಢ ಬಣ್ಣದ ಗೋಡೆಯ ಎದುರು. ಸಂಜೆಯ ಬಿಸಿಲಿಗೆ ಗೋಡೆ ಮೇಲೆ ಕಾಮನಬಿಲ್ಲಿನ ತುಂಡು ಬೀಳುತ್ತದೆ, ಮಕ್ಕಳು ಹಿಡಿಯಲು ಓಡುತ್ತಾರೆ.

‘ಹಾಗಾದರೆ ಮುಸ್ಲಿಮರ ಅಭಿರುಚಿಯೇ ಇಂಥ ಝಗಮಗ’ ಅನ್ನುವ ಮಾತನ್ನು ಸ್ಟಾಫ್‌ರೂಮುಗಳಲ್ಲಿ ನಾನು ಕೇಳಿದ್ದೇನೆ. ಅದಕ್ಕೆ ಉತ್ತರ ಕೈರೋದಲ್ಲಿದೆ. ಸಾವಿರ ವರ್ಷದ ಹಿಂದೆ, ಫಾತಿಮಿ ಖಲೀಫರ ಕಾಲದಲ್ಲಿ, ಅಲ್ಲಿನ ಕುಶಲಕರ್ಮಿಗಳು ಅಸಲಿ ಸ್ಫಟಿಕದ ಗಟ್ಟಿಯನ್ನು ಒಳಗಿನಿಂದ ಕೊರೆದು ಹೂಜಿ ಮಾಡುತ್ತಿದ್ದರು. ಗಾಜನ್ನಾದರೆ ಊದಬಹುದು, ಕಲ್ಲನ್ನು ಊದಲಾಗುವುದಿಲ್ಲ. ಮೇಲೆ ಗಿಡ, ಹಕ್ಕಿ, ಮೃಗದ ಉಬ್ಬುಕೆತ್ತನೆ ಇರುತ್ತಿತ್ತು, ಒಳಗೆ ಪುಡಿ ಹಾಕಿ ಉಜ್ಜಿ ಉಜ್ಜಿ ಗೋಡೆಯನ್ನು ಒಂದೆರಡು ಮಿಲಿಮೀಟರಿಗೆ ಇಳಿಸುತ್ತಿದ್ದರು. ಕೊನೆಯ ದಿನ ಕೈ ತಪ್ಪಿದರೆ ಎಲ್ಲ ಮುಗೀತು. ಅಂಥ ಒಂದು ಹೂಜಿ ವೆನಿಸಿನ ಸೇಂಟ್ ಮಾರ್ಕ್ ಚರ್ಚಿನ ಭಂಡಾರದಲ್ಲಿದೆ. ಅದರ ಮೇಲೆ ಖಲೀಫ ಅಲ್ ಅಜೀಜ್ ಹೆಸರಿನಲ್ಲಿ ಬರಕತ್ತಿನ ದುಆ ಕೊರೆದಿದ್ದಾರೆ. ಆತ ಆಳಿದ್ದು 975ರಿಂದ 996ರ ತನಕ. ಪರ್ಷಿಯಾದ ಪ್ರವಾಸಿ ನಾಸಿರ್ ಖುಸ್ರೋ ಹನ್ನೊಂದನೆಯ ಶತಮಾನದಲ್ಲಿ ಅಲ್ಲಿಗೆ ಹೋದಾಗ, ದೀಪಗಳ ಬಜಾರಿನಲ್ಲಿ ಸ್ಫಟಿಕ ಕೊರೆಯುವ ಉಸ್ತಾದರನ್ನು ಕಂಡು ತನ್ನ ಸಫರ್‌ನಾಮಾದಲ್ಲಿ ಬರೆದಿಟ್ಟ. ಅದು ಮಸೀದಿಗೆ ಹೊಂದಿಕೊಂಡಿದ್ದ ಬಜಾರು. ಅವನು ಮೊದಲು ಕಂಡದ್ದು ಕೆಲಸಗಾರರನ್ನು. ಅರಮನೆಯ ವೈಭೋಗವೂ ಅವನ ಪುಸ್ತಕದಲ್ಲಿದೆ, ಆದರೆ ಸ್ಫಟಿಕದ ವಿಷಯ ಬಂದಾಗ ಅವನು ನಿಂತದ್ದು ಬಜಾರಿನಲ್ಲಿ.

ಕೈಯಿಂದ ಯಂತ್ರಕ್ಕೆ ಈ ಕೆಲಸ ಹೋದದ್ದು 1892ರಲ್ಲಿ. ಬೊಹೀಮಿಯಾದ ಗಾಜು ಕೊರೆಯುವ ಮನೆತನದಲ್ಲಿ ಹುಟ್ಟಿದ ಡೇನಿಯಲ್ ಸ್ವರೋವ್‌ಸ್ಕಿ ಹರಳು ಕೊರೆಯುವ ಯಂತ್ರಕ್ಕೆ ಪೇಟೆಂಟ್ ಮಾಡಿಸಿದ. 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್ ಊರಿನಲ್ಲಿ, ಹೊಳೆಯ ನೀರಿನ ಬಲ ನಂಬಿ ಕಾರ್ಖಾನೆ ಹಾಕಿದ. 1956ರಲ್ಲಿ ಕ್ರಿಶ್ಚಿಯನ್ ದಿಯೋರ್ ಜೊತೆ ಸೇರಿ ಕಾಮನಬಿಲ್ಲಿನ ಲೇಪದ ಹರಳು ಬಂತು. 2012ರಲ್ಲಿ ಸೀಸವನ್ನು ಬಿಟ್ಟು ಹರಳು ಮಾಡುವ ವಿಧಾನಕ್ಕೆ ಹೊರಳಿದರು. ಇವೆಲ್ಲ ಮೆಚ್ಚಬೇಕಾದ ಸಂಗತಿಗಳೇ. ಸಾವಿರ ಹರಳನ್ನು ಒಂದೇ ಕೋನದಲ್ಲಿ, ಒಂದೇ ಅಳತೆಯಲ್ಲಿ ಕೊರೆಯುವುದು ಸಣ್ಣ ಮಾತಲ್ಲ. ಬಡವರ ಮನೆ ಹುಡುಗಿಯ ಕಿವಿಗೂ ಒಂದು ಹೊಳಪು ಬಂತಲ್ಲ, ಅದು ಯಂತ್ರದಿಂದಲೇ ಬಂದದ್ದು. ಆದರೆ ಎಲ್ಲ ಹರಳೂ ಒಂದೇ ಥರ ಹೊಳೆಯಲು ಶುರುವಾದ ಮೇಲೆ ಯಾರದು ಹೆಚ್ಚು ಅಂತ ತಿಳಿಯಲು ಎರಡೇ ದಾರಿ ಉಳಿದವು: ಎಣಿಕೆ ಮತ್ತು ಬ್ರ್ಯಾಂಡಿನ ಹೆಸರು. ಈಗ ಮದುವೆ ಬಟ್ಟೆಯ ಅಂಗಡಿಯಲ್ಲಿ ಇವೆರಡನ್ನೇ ಮಾರುತ್ತಾರೆ. ‘ಇದರಲ್ಲಿ ಎಷ್ಟು ಸಾವಿರ ಸ್ಟೋನ್ ಇದೆ ಗೊತ್ತಾ ಮೇಡಂ?’ ಅನ್ನುತ್ತಾರೆ. ಎಲ್ಲಿ ಇದೆ, ಯಾಕೆ ಇದೆ ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಖಡಾ ದುಪಟ್ಟಾದ ಮೇಲಿನ ಹಳೆಯ ಕಾರ್‌ಚೋಬಿ ಕೆಲಸವನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ. ಕಟ್ಟಿಗೆ ಚೌಕಟ್ಟಿಗೆ ಬಟ್ಟೆ ಬಿಗಿದು, ಜರಿಯ ತಂತಿಯನ್ನು ಸೂಜಿಯಲ್ಲಿ ಕೂರಿಸಿದ ಕೆಲಸ. ಅಸಲಿ ಜರಿಯ ಸೀರೆ, ದುಪಟ್ಟಾ ಹರಿದು ಹೋದರೂ ಸುಟ್ಟು ಬೆಳ್ಳಿ ತೆಗೆಯುತ್ತಿದ್ದರು. ‘ಪುರಾನಿ ಜರಿ’ ಅಂತ ಕೂಗುತ್ತಾ ಓಣಿಗೆ ಬರುವವರನ್ನು ನಮ್ಮ ನಾನಿಯರ ಪೀಳಿಗೆ ಚೆನ್ನಾಗಿ ಬಲ್ಲದು. ಕಷ್ಟಕಾಲಕ್ಕೆ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬರುತ್ತಿತ್ತು. ಹಾಟ್‌ಫಿಕ್ಸ್ ಹರಳಿನ ಕಥೆ ಏನು? ಹಿಂಬದಿಯ ಗೋಂದನ್ನು ಬಿಸಿ ಮಾಡಿ ಬಟ್ಟೆಗೆ ಒತ್ತುತ್ತಾರೆ. ಎರಡು ಮೂರು ಸಲ ಉಟ್ಟು ಮಡಚಿಟ್ಟರೆ ಅಲ್ಲಲ್ಲಿ ಉದುರುತ್ತದೆ, ಉದುರಿದ ಕಡೆ ಗೋಂದಿನ ದುಂಡನೆಯ ಕಲೆ ಉಳಿಯುತ್ತದೆ. ಆ ಮದುವೆಯ ಬಟ್ಟೆಗೆ ಮಾಡಿದ ಸಾಲದ ಕಂತು ಇನ್ನೂ ನಡೆಯುತ್ತಿರುವಾಗಲೇ ಹರಳು ಉದುರಿ ಹೋದ ಮನೆಗಳು ನಿಮ್ಮ ಓಣಿಯಲ್ಲೂ ಇರಬಹುದು. ಹುಡುಗಿಯರನ್ನು ದೂರಿ ಪ್ರಯೋಜನವಿಲ್ಲ. ಹಿಂದಿನ ಸಾಲಿನ ಖಾಲಾಗಳು ಕಾಲು ಎಳೆದುಕೊಂಡು ಕೂರುವಂಥ ಹಾಲನ್ನು ಬಾಡಿಗೆಗೆ ಹಿಡಿದದ್ದು ಹಿರಿಯರೇ. ಬಟ್ಟೆ ಆ ಹಾಲಿಗೆ ತಕ್ಕ ಹಾಗೆ ಬಂತು.

ಹರಳು ಬೇಕೇ ಬೇಕು, ಆದರೆ ಇಂಥದ್ದು ಬೇಡ ಅನ್ನುವವರನ್ನು ನಾನು ಲಾಡ್ ಬಜಾರಿಗೆ ಕಳಿಸುತ್ತೇನೆ. ಚಾರ್ಮಿನಾರಿನ ಪಡುವಣ ದಿಕ್ಕಿಗೆ ಹೋಗುವ ಬಳೆಗಳ ಬೀದಿ. ಅಲ್ಲಿನ ಅರಗಿನ ಬಳೆಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಅಂಗಡಿಯ ಮುಂದೆ ನಿಂತು ಚೌಕಾಸಿ ಮಾಡಿ ಬಂದುಬಿಡಬೇಡಿ, ಸಾಧ್ಯವಾದರೆ ಹಿಂದಿನ ಗಲ್ಲಿಯ ಕಾರ್ಖಾನೆ ನೋಡಿ. ಕೆಂಡದ ಮೇಲೆ ಅರಗು ಕಾಯಿಸಿ, ಎಳೆದು, ಬಳೆಯಾಗಿ ಸುತ್ತುತ್ತಾರೆ. ಅದು ಬೆಚ್ಚಗಿರುವಾಗಲೇ ಸಣ್ಣ ಸಣ್ಣ ಗಾಜಿನ ಹರಳನ್ನು ಒಂದೊಂದಾಗಿ ಒತ್ತುತ್ತಾರೆ. ತಣ್ಣಗಾದರೆ ಹರಳು ಕೂರುವುದಿಲ್ಲ, ಹೆಚ್ಚು ಬಿಸಿಯಾದರೆ ಮುಳುಗುತ್ತದೆ. ಹರಳು ಅಗ್ಗದ್ದು, ಬ್ರ್ಯಾಂಡ್ ಇಲ್ಲ, ಸಾಲು ಅಲ್ಲಲ್ಲಿ ಕೂದಲೆಳೆಯಷ್ಟು ಓರೆ. ಕೈ ಅಲುಗಿದಾಗ ಬೆಳಕು ಆ ಓರೆಯಲ್ಲೇ ಆಡುತ್ತದೆ, ಯಂತ್ರದ ಸಾಲಿನಲ್ಲಿ ಹಾಗಾಗುವುದಿಲ್ಲ. ಕೆಂಪು ಹಸಿರು ಅರಗು ಬಿದ್ರಿಯ ಕಪ್ಪಿನ ಕೆಲಸವನ್ನೇ ಇಲ್ಲಿ ಮಾಡುತ್ತದೆ. ಆ ಕೂಲಿ ಎಷ್ಟು ಕಡಿಮೆ ಅಂತ ಕೇಳಿದರೆ ನಿಮಗೆ ಬೇಜಾರಾಗುತ್ತದೆ, ಆದರೂ ಕೇಳಿ. ಜೋಡಿಗೆ ಐವತ್ತು ರೂಪಾಯಿ ಇಳಿಸಲು ಜಗ್ಗಾಡುವಾಗ ಅದು ನೆನಪಿಗೆ ಬರಬೇಕು.

ಮನೆಯಲ್ಲಿ ಹರಳು ಉದುರಿದ ಅರಗಿನ ಬಳೆ ಇದ್ದರೆ ಎಸೆಯಬೇಡಿ, ಜೊತೆಗೆ ತೆಗೆದುಕೊಂಡು ಹೋಗಿ. ಅರಗನ್ನು ಮತ್ತೆ ಬಿಸಿ ಮಾಡಿ, ಅದೇ ಜಾಗಕ್ಕೆ ಇನ್ನೊಂದು ಹರಳು ಕೂರಿಸಿಕೊಡುತ್ತಾರೆ. ನೀವು ಒಂದು ಚಹಾ ಕುಡಿಯುವಷ್ಟು ಹೊತ್ತು.